ಕುರ್ಚಿಯಿಂದ ಏಳಲಾಗದ ಅಧ್ಯಕ್ಷ

ನಮ್ಮ ಮನೆಯಲ್ಲಿ ಭಾನುವಾರದ ಊಟವೇ ಸಭೆ. ಅಪ್ಪ ಅಧ್ಯಕ್ಷ. ಅಮ್ಮ, ಅಜ್ಜಿ, ನಾನು ಸದಸ್ಯರು; ಸಭೆಯ ನಡಾವಳಿ ಬರೆದು ಅಜ್ಜಿಗೆ ಓದಿ ಹೇಳುವವಳೂ ನಾನೇ. ಆ ವರ್ಷದ ಜನವರಿ, ಫೆಬ್ರವರಿಯ ನನ್ನ ಲೆಕ್ಕ: ಸಭೆ ಎಂಟು, ಅಜ್ಜಿಯ ಬಸ್ಸಿನ ವಿಷಯ ಬಂದದ್ದು ಎಂಟು ಸಲ, ಮತಕ್ಕೆ ಹಾಕಿದ್ದು ಸೊನ್ನೆ.

ಅಮೆರಿಕದ ಮಿಲ್ ಕ್ರೀಕ್‌ ಊರಿನ ನಮ್ಮ ಮನೆಯಿಂದ ನಾಲ್ಕು ಸ್ಟಾಪ್ ಆಚೆ ಅಜ್ಜಿಯ ಗದಗಿನ ಗೆಳತಿ ಇದ್ದರು. ಅಲ್ಲಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಬೇಕೆಂಬುದು ಅಜ್ಜಿಯ ಆಸೆ. ದಾರಿ ತಪ್ಪಿದರೆ ಎಂಬ ಭಯ ಅಪ್ಪನಿಗೆ. ರೆಡ್ಮಂಡ್‌ನ ಆಫೀಸಿನಿಂದ ಬಂದು ತಾನೇ ಬಿಡುತ್ತೇನೆ ಎನ್ನುತ್ತಿದ್ದ. ಬಿಟ್ಟದ್ದು ಒಂದು ಸಲ. ಕೈ ಎತ್ತುವ ಹೊತ್ತಿಗೆ ಕೈ ತೊಳೆಯಲು ಎದ್ದುಬಿಡುತ್ತಿದ್ದ. ಅಧ್ಯಕ್ಷ ಎದ್ದರೆ ಸಭೆ ಮುಗಿದಂತೆ.

ಶಾಲೆಯಲ್ಲಿ ಆಗ ಇಂಗ್ಲೆಂಡಿನ ಹಳೆಯ ಅರಸರ ಪಾಠ. ನಾನೂರು ವರ್ಷದ ಹಿಂದಿನ ಒಬ್ಬ ಅರಸ ತನಗೆ ಸೇರದ ಮಾತು ಬಂದರೆ ಪಾರ್ಲಿಮೆಂಟನ್ನೇ ಮನೆಗೆ ಕಳಿಸುತ್ತಿದ್ದ. ಒಮ್ಮೆ ಅವನ ಅಪ್ಪಣೆಯಂತೆ ಸ್ಪೀಕರ್ ಸಭೆ ಮುಗಿಸಲು ಎದ್ದಾಗ ಸದಸ್ಯರು ಆತನನ್ನು ಕುರ್ಚಿಯಲ್ಲೇ ಒತ್ತಿ ಹಿಡಿದು, ಬಾಗಿಲು ಹಾಕಿ, ತಮ್ಮ ನಿರ್ಣಯ ಮುಗಿಸಿಕೊಂಡರು. ಇದನ್ನು ಶನಿವಾರ ಅಜ್ಜಿಗೆ ಹೇಳಿದೆ. ಎಷ್ಟು ಮಂದಿ ಹಿಡಿದರು ಎಂದು ಕೇಳಿದಳು. ಇಬ್ಬರು ಎಂದೆ.

"ನನಗ ಅಷ್ಟು ಮಂದಿ ಬ್ಯಾಡ" ಎಂದಳು.

ಹಿರಿಯರ ಊಟ ಮುಗಿಯದೆ ನಮ್ಮಲ್ಲಿ ಯಾರೂ ಏಳುವಂತಿಲ್ಲ. ಅಪ್ಪನಿಗೆ ಅದನ್ನು ಕಲಿಸಿದವಳೇ ಅಜ್ಜಿ. ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು ಮುಗಿಸುವವಳೂ ಅವಳೇ. ಮಾರ್ಚ್ ಮೊದಲ ಭಾನುವಾರ ಮಾತ್ರ ಕೊನೆಯ ತುಣುಕು ರೊಟ್ಟಿ ಅವಳ ತಟ್ಟೆಯಲ್ಲೇ ಉಳಿಯಿತು. ಬಸ್ಸಿನ ಮಾತು ಬಂತು. ಅಪ್ಪ ಕುರ್ಚಿ ಹಿಂದಕ್ಕೆ ಸರಿಸಿದ.

"ಕೂಡಪಾ, ನಂದಿನ್ನೂ ಊಟ ಆಗಿಲ್ಲ."

"ಅವ್ವಾ, ಒಂದು ತುತ್ತು ತಿನ್ನಾಕ ಎಷ್ಟೊತ್ತು?"

"ಎಲ್ಲಾರೂ ಕೈ ಎತ್ತೂತನ."

ಹದಿನಾಲ್ಕು ನಿಮಿಷ. ಅಪ್ಪನ ಬೆರಳಲ್ಲಿ ಪಲ್ಯ ಒಣಗಿತು. ಕೊನೆಗೆ ಅವನೇ ಮತಕ್ಕೆ ಹಾಕಿದ. ಅಮ್ಮನ ಕೈ, ನನ್ನ ಕೈ, ಅಜ್ಜಿಯ ಎಡಗೈ: ಮೂರು. ಅಜ್ಜಿ ತುತ್ತನ್ನು ಬಾಯಿಗಿಟ್ಟಳು.

ಕೈ ತೊಳೆಯುತ್ತಾ ಅಪ್ಪ, ಇದೆಲ್ಲ ಯಾರು ಕಲಿಸಿದ್ದು ಎಂದು ನನ್ನತ್ತ ನೋಡಿದ. ಅರಸನ ಕಥೆ ಹೇಳಿದೆ. ಆಮೇಲೆ ಆತ ಏನು ಮಾಡಿದ ಎಂದು ಕೇಳಿದ. ಹನ್ನೊಂದು ವರ್ಷ ಸಭೆಯನ್ನೇ ಕರೆಯಲಿಲ್ಲ ಎಂದೆ. ಅಪ್ಪನ ಮುಖ ಅರಳಿತು.

"ಆಮ್ಯಾಲ?"

"ಆಮೇಲೆ ತಲೆ ಹೋಯ್ತು, ಅಪ್ಪಾ."

ಸೋಮವಾರ ಅಜ್ಜಿ ಒಬ್ಬಳೇ ಬಸ್ ಹತ್ತಿದಳು. ಅಪ್ಪ ಕಾರಿನಲ್ಲಿ ನಾಲ್ಕು ಸ್ಟಾಪ್‌ವರೆಗೂ ಆ ಬಸ್ಸಿನ ಹಿಂದೆಯೇ ಹೋದನಂತೆ, ಅಮ್ಮ ಹೇಳಿದಳು. ನಡಾವಳಿಯಲ್ಲಿ ಅದನ್ನು ಬರೆದುಕೊಂಡೆ. ಅಜ್ಜಿಗೆ ಆ ಪುಟ ಮಾತ್ರ ಓದಿ ಹೇಳಲಿಲ್ಲ.