ಕಸ ತೆಗೆಯುವ ನಾಗಪ್ಪ ಮೇಷ್ಟ್ರು

ಕಿವಿಯ ಮೇಲೆ ಕೆಂಪು ಪೆನ್ಸಿಲ್ ಇಲ್ಲದ ನಾಗಪ್ಪ ಮೇಷ್ಟ್ರನ್ನು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ. ಹೊಸದುರ್ಗದ ಶಾಲೆಯಿಂದ ನಿವೃತ್ತರಾದವರು, ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ನಮ್ಮ ಪ್ರೆಸ್ಸಿಗೆ ಕರಡು ತಿದ್ದಲು ಬಂದರು. ನಾನು ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಬೇಡದ ಅಕ್ಷರ, ಚುಕ್ಕೆ, ಗೆರೆ ಎಲ್ಲಕ್ಕೂ ಅವರಲ್ಲಿ ಒಂದೇ ಹೆಸರು: ಕಸ. ಒಂದೊಂದಕ್ಕೂ ಗುರುತು ಹಾಕುವುದು ದಡ್ಡರ ಕೆಲಸವಂತೆ. ಕರಡಿನ ನೆತ್ತಿಯ ಮೇಲೆ ಒಂದೇ ಅಪ್ಪಣೆ ಬರೆದು, ಎರಡನೇ ಸಲ ನೋಡದೆ ಕಾಫಿಗೆ ಹೊರಡುತ್ತಿದ್ದರು.

ಚುನಾವಣೆಯ ಕರಪತ್ರವೊಂದಕ್ಕೆ ‘ಉದ್ಗಾರ ಚಿಹ್ನೆ ಎಲ್ಲಾ ತೆಗೆಯಿರಿ’ ಎಂದು ಬರೆದರು. ಹೊಳಲ್ಕೆರೆಯ ಅಭ್ಯರ್ಥಿ ಓಡಿಬಂದ.

“ಏನ್ ಮೇಷ್ಟ್ರೇ, ನನ್ನ ಜೈಕಾರ ಎಲ್ಲಾ ಸಪ್ಪಗಾಗೈತಲ್ರೀ!”

“ಕೂಗಾಕೆ ಜನ ಇದ್ರೆ ಮೊಳೆ ಯಾಕಪ್ಪ? ಜನ ಇಲ್ದಿದ್ರೆ ಮೊಳೆ ಬಂದು ಕೂಗುತ್ತೇನು?”

ಅಭ್ಯರ್ಥಿ ಸೋತ. “ಈ ಸಲ ಜನಕ್ಕೆ ಸರಿಯಾಗಿ ಅರ್ಥ ಆಗೈತೆ” ಎಂದು ಆ ಸೋಲಿನಲ್ಲೂ ಮೇಷ್ಟ್ರು ತಮ್ಮ ಪಾಲು ಕೇಳಿದರು.

ನನ್ನ ಜೊತೆ ಮೊಳೆ ಜೋಡಿಸುತ್ತಿದ್ದ ರುದ್ರಣ್ಣ ಒಮ್ಮೆ ಅಪ್ಪಣೆಯ ಬಗ್ಗೆ ಅನುಮಾನ ಕೇಳಿದ್ದ. “ಹೇಳಿದಷ್ಟು ಮಾಡ್ರಿ. ತಲೆ ಓಡಿಸಾಕೆ ನಾನಿದೀನಿ” ಎಂದು ಎಲ್ಲರೆದುರು ಮಂಗಳಾರತಿ ಮಾಡಿದ್ದರು. ರುದ್ರಣ್ಣ ಅಂದಿನಿಂದ ತಲೆ ಓಡಿಸುವುದನ್ನೇ ಬಿಟ್ಟ.

ಆಮೇಲೆ ಬಂತು ಅವರ ಒಬ್ಬಳೇ ಮಗಳು ಗಿರಿಜೆಯ ಲಗ್ನಪತ್ರಿಕೆ. ನೋಡಲು ಬಂದವರ ಮಾತನ್ನೆಲ್ಲ ಅಪ್ಪ ತಿದ್ದಿ ತಿದ್ದಿ, ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಇದೂ ಮುರಿದರೆ ಹುಡುಗಿಯ ಗತಿಯೇನೆಂದು ತಾಯಿ ಹರಕೆ ಹೊತ್ತಿದ್ದರು. ಬೀಗರು ಬರೆದು ಕಳಿಸಿದ ಸಾಲು ಹೀಗಿತ್ತು: ‘ಹಿರಿಯೂರಿನ ಸಿದ್ದಪ್ಪನವರ (ಜಮೀನ್ದಾರರು, ಪಂಪ್‌ಸೆಟ್ ಉಳ್ಳವರು) ಮಗ ಚಿ. ಮಂಜುನಾಥನ (ಬಿ.ಎ.) ಜೊತೆ’. ಮೇಷ್ಟ್ರಿಗೆ ಮೈ ಉರಿಯಿತು. ‘ಬ್ರಾಕೆಟ್ ತೆರೆದಲ್ಲಿಂದ ಮುಚ್ಚುವವರೆಗೆ ಕಸ ತೆಗೆಯಿರಿ’ ಎಂದು ಗೀಚಿ ಹೊರಟರು.

ರುದ್ರಣ್ಣ ಹೇಳಿದಷ್ಟೇ ಮಾಡಿದ. ಮೊದಲ ಬ್ರಾಕೆಟ್ ತೆರೆದಲ್ಲಿಂದ ಕೊನೆಯದು ಮುಚ್ಚುವವರೆಗೆ ಎಲ್ಲವನ್ನೂ ಎತ್ತಿಬಿಟ್ಟ. ನಡುವೆ ಇದ್ದ ಮದುಮಗನೂ ಎದ್ದುಹೋದ. ಉಳಿದದ್ದು ‘ಹಿರಿಯೂರಿನ ಸಿದ್ದಪ್ಪನವರ ಜೊತೆ’. ಮಗಳನ್ನು ಮಾವನಿಗೇ ಧಾರೆ ಎರೆಯುವ ಪತ್ರಿಕೆ ಅಚ್ಚಾಗಿ ಊರೆಲ್ಲ ಹಂಚಿಹೋಯಿತು.

ಸಿದ್ದಪ್ಪನವರು ಬೆಳಗಿನ ಬಸ್ಸಿಗೇ ಇಳಿದು ನೇರ ಪ್ರೆಸ್ಸಿಗೆ ಬಂದರು.

“ಬೀಗ್ರೇ, ಗಂಡು ಯಾರಂತ ಊರಿಗೇ ಗೊತ್ತೈತೆ, ಅದು ಬಿಡ್ರಿ. ನನ್ನ ಪಂಪ್‌ಸೆಟ್ ಎಲ್ಲೋಯ್ತು? ಅದು ಬರ್ಲಿಲ್ಲ ಅಂದ್ರೆ ಮದುವೇನೂ ಇಲ್ಲ.”

ಮೇಷ್ಟ್ರು ಪೆನ್ಸಿಲ್ ಕೈಗೆತ್ತಿಕೊಂಡರು. ಮುಗಿಯಿತು ಗಿರಿಜೆಯ ಮದುವೆ ಎಂದುಕೊಂಡೆವು. ಅವರು ಬ್ರಾಕೆಟ್ಟುಗಳನ್ನೆಲ್ಲ ಮತ್ತೆ ಬರೆದರು, ಪಂಪ್‌ಸೆಟ್ಟಿನ ಪಕ್ಕ ‘ಐದು ಎಚ್.ಪಿ.’ ಎಂದು ತಾವೇ ಸೇರಿಸಿ, “ಇನ್ನೇನಾದ್ರೂ ಹಾಕ್ಬೇಕೇನ್ರಿ?” ಎಂದರು. ಆ ದನಿ ಅಷ್ಟು ಮೆತ್ತಗಾದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಹೊಟ್ಟೆ ತುಂಬ ನಗಬೇಕೆಂದು ಕಾದಿದ್ದ ನನಗೆ ಸಂಕಟವಾಯಿತು.

ಮದುವೆ ಚೆನ್ನಾಗಿಯೇ ನಡೆಯಿತು. ಮೇಷ್ಟ್ರು ಮತ್ತೆ ಪ್ರೆಸ್ಸಿಗೆ ಬರಲಿಲ್ಲ. ತೀರಿಕೊಳ್ಳುವ ಮುಂಚೆ ಒಮ್ಮೆ ದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು, ಮಗಳ ಮನೆಯಿಂದ ಬರುತ್ತಿದ್ದರು. ಬೀಗರು ಹೇಗಿದ್ದಾರೆ ಎಂದು ಕೇಳಿದೆ.

“ಬಾಯಿ ಬಿಟ್ರೆ ತಪ್ಪು ಮಾತಾಡ್ತಾರಪ್ಪ” ಎಂದರು. “ನಾನು ಹೂಂ ಅಂತೀನಿ. ಹೂಂ ಅಂದಾಗೆಲ್ಲ ಗಿರಿಜೆ ಇನ್ನೊಂದು ಮುದ್ದೆ ಬಡಿಸ್ತಾಳೆ.”