ಕಾಫಿಪುಡಿಯವರ ಊಟದ ಡಬ್ಬಿ

ಈಗಲೂ ಕಾಫಿಬೀಜ ಹುರಿಯುವ ವಾಸನೆ ಬಂದರೆ ನನ್ನ ಕೈ ಡಬ್ಬಿ ಹುಡುಕುತ್ತದೆ. ಒಂಟಿಕೊಪ್ಪಲಿನಲ್ಲಿ ನಮಗೆ ಪುಡಿ ಮಾಡಿಕೊಡುತ್ತಿದ್ದವರು ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. "ಡಬ್ಬಿ ಎಲ್ಲಮ್ಮ?" ಎನ್ನುವುದೇ ಅವರ ನಮಸ್ಕಾರ. ಪ್ಲಾಸ್ಟಿಕ್ ಕವರನ್ನು ಅಂಗಡಿಗೆ ಸೇರಿಸುತ್ತಿರಲಿಲ್ಲ. ಡಬ್ಬಿ ತಂದವರಿಗೆ ತೂಕದ ಮೇಲೆ ಒಂದು ಚಮಚ ಹೆಚ್ಚಿಗೆ; ಅದನ್ನು ಹಾಕುವಾಗ ಮಾತ್ರ ಎತ್ತಲೋ ನೋಡುವರು.

ತೊಂಬತ್ತರ ದಶಕದ ಕೊನೆಗೆ ಎದುರಿಗೇ ದೊಡ್ಡ ಅಂಗಡಿ ಬಂತು. ಅಲ್ಲಿ ಏನು ಕೊಂಡರೂ ಬಣ್ಣದ ಕವರ್ ಪುಕ್ಕಟೆ. ಇವರ ಮೆಷಿನ್ನಿನ ಸದ್ದು ದಿನೇದಿನೇ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಕಾಲೇಜಿನಿಂದ ನೇರ ಅಲ್ಲಿಗೆ ಹೋದೆ.

"ಡಬ್ಬಿ ಎಲ್ಲಮ್ಮ?"

"ಮರ್ತ್‌ಬುಟ್ಟೆ. ಎದುರುಗಡೆನೇ ತಗೋತೀನಿ ಬಿಡಿ."

ಅವರು ತಮ್ಮ ಊಟದ ಡಬ್ಬಿ ತೆಗೆದು, ಮೊಸರನ್ನವನ್ನು ಬಾಳೆಯೆಲೆಯ ತುಂಡಿಗೆ ಸುರಿದುಕೊಂಡರು. ಡಬ್ಬಿಯನ್ನು ತೊಳೆದು, ಒರೆಸಿ, ಬೀಜ ಹುರಿಯುವ ಡ್ರಮ್ಮಿನ ಶಾಖಕ್ಕೆ ಹಿಡಿದು ಒಣಗಿಸಿ, ಪುಡಿ ತುಂಬಿ ಕೊಟ್ಟರು.

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ನಮ್ಮ ಮನೆಯಲ್ಲಿಲ್ಲ. ಮಾರನೆಯ ದಿನ ಅಮ್ಮ ಅದರ ತುಂಬ ಪುಳಿಯೋಗರೆ ಹಾಕಿ ಕಳಿಸಿದರು. ಕಾಫಿಪುಡಿಯವರು ಮುಚ್ಚಳ ತೆಗೆದು ವಾಸನೆ ನೋಡಿ, ಎದುರಂಗಡಿಯ ಕಡೆ ಗದ್ದ ಎತ್ತಿ ತೋರಿಸಿದರು.

"ಅವ್ರ ಕವರ್‌ನ ಯಾರಾದ್ರೂ ಹಿಂಗೆ ತುಂಬ್ಸಿ ವಾಪಸ್ ತಂದ್ಕೊಡ್ತಾರೇನಮ್ಮ?"