ಆಂಡರ್ಸನ್‌ಪೇಟೆಯ ಬೋಣಿ

ಬಂಗಾರಪೇಟೆಯ ನಮ್ಮ ಪಶು ಆಹಾರದ ಗೋದಾಮಿಗೆ ಸ್ವಯಂಚಾಲಿತ ಸಾಗಾಣಿಕೆ ವ್ಯವಸ್ಥೆ ದಯಮಾಡಿಸಿದ ದಿನ ಅದಕ್ಕೆ ತೆಂಗಿನಕಾಯಿ ಒಡೆದವನು ನಾನು. ಅದನ್ನು ತರಿಸಲೇಬೇಕೆಂದು ಮಾಲೀಕರ ಕಿವಿ ಕಚ್ಚಿದವನೂ ನಾನೇ. ಹೀಗಾಗಿ ಮುಂದೆ ನಡೆದದ್ದಕ್ಕೆ ಬೇರೆಯವರನ್ನು ಬೈಯುವ ಅನುಕೂಲ ನನಗಿರಲಿಲ್ಲ.

ವ್ಯವಸ್ಥೆಯೆಂದರೆ ಕಣ್ಣಿಗೆ ಕಾಣುವುದು ಇಷ್ಟೇ: ಗೋದಾಮಿನಲ್ಲಿ ಒಂದು ಕಂಪ್ಯೂಟರ್, ಗಾಡಿಯಲ್ಲಿ ಒಂದು ಫೋನು. ಅಂಗಡಿಯವರು ತಮಗೆ ಬೇಕಾದ ಬೂಸಾ, ಹಿಂಡಿಯನ್ನು ಹಿಂದಿನ ದಿನ ಹೇಳಿದರೆ ಸಾಕು. ಯಾವ ಮೂಟೆ ಗಾಡಿಯಲ್ಲಿ ಎಲ್ಲಿ ಕೂರಬೇಕು, ಗಾಡಿ ಮೊದಲು ಯಾವ ಊರಿಗೆ ಹೋಗಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಅಲ್ಲಿಯವರೆಗೆ ಆ ತೀರ್ಮಾನಗಳನ್ನು ನಾನು ಹಳೇ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ಮಾಡುತ್ತಿದ್ದೆ. ನನ್ನ ಅಕ್ಷರ ನನಗೇ ಓದಲಾಗದೆ ಬೂದಿಕೋಟೆಯ ಮೂಟೆಗಳು ಕಾಮಸಮುದ್ರವನ್ನು ಸಂದರ್ಶಿಸಿ ಬಂದದ್ದುಂಟು. ಯಂತ್ರ ಬಂದ ಮೊದಲ ವಾರಕ್ಕೇ ಅಂಥ ಪ್ರವಾಸಗಳು ನಿಂತವು. ನನ್ನ ಮಾನದ ಮಾತು ಬಿಡಿ, ಹಸುಗಳಿಗೆ ಹೊತ್ತಿಗೆ ಸರಿಯಾಗಿ ಹಿಂಡಿ ಸಿಕ್ಕಿತು.

ಯಂತ್ರ ಹಾಕಿಕೊಟ್ಟ ದಾರಿ: ಮೊದಲು ಬೂದಿಕೋಟೆ, ಆಮೇಲೆ ಕಾಮಸಮುದ್ರ, ಕೊನೆಗೆ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆ. ಹೆಚ್ಚು ಭಾರ ಇಳಿಯುವ ಊರು ಮೊದಲಾದರೆ ಡೀಸೆಲ್ ಉಳಿಯುತ್ತದೆ. ತರ್ಕದಲ್ಲಿ ಲೋಪವಿರಲಿಲ್ಲ. ನಮ್ಮ ಚಾಲಕ ಮಾತ್ರ ದಿನಾ ಬೆಳಿಗ್ಗೆ ಗಾಡಿಯ ಮೂತಿಯನ್ನು ಆಂಡರ್ಸನ್‌ಪೇಟೆಯ ಕಡೆಗೇ ತಿರುಗಿಸುತ್ತಿದ್ದ. ಫೋನು "ನೀವು ದಾರಿ ತಪ್ಪಿದ್ದೀರಿ" ಎಂದು ವಿನಯದಿಂದ ಎಚ್ಚರಿಸುತ್ತಿತ್ತು. ಇವನು ಅದನ್ನು ಸೀಟಿನ ಮೇಲೆ ಮಲಗಿಸಿ ಟವೆಲು ಹೊದಿಸುತ್ತಿದ್ದ. ಕಂಪ್ಯೂಟರಿನಲ್ಲಿ ಅವನ ಹೆಸರಿನ ಪಕ್ಕ ದಿನಕ್ಕೊಂದು ಕೆಂಪು ಚುಕ್ಕೆ.

ಮಾಲೀಕರು ಚುಕ್ಕೆಗಳನ್ನು ನೋಡಿದರು. "ಈ ತಿಂಗಳು ಮುಗಿಯೋದ್ರೊಳಗೆ ಹಸಿರಾಗದಿದ್ರೆ ಅವನನ್ನ ಗಾಡಿಯಿಂದ ಇಳಿಸಿ ಮೂಟೆ ಹೊರೋಕೆ ಹಾಕಿ" ಎಂದರು. ಚಾಲಕನಿಗೆ ಐವತ್ತು ದಾಟಿದೆ. ಬಗ್ಗಿ ಏಳುವಾಗ ಅವನ ಸೊಂಟ ಹಳೇ ಬಾಗಿಲಿನ ಹಾಗೆ ಮಾತಾಡುತ್ತದೆ. ಮೂಟೆಗೆ ಹಾಕುವುದೆಂದರೆ ಮನೆಗೆ ಕಳಿಸುವುದಕ್ಕೆ ಮರ್ಯಾದೆಯ ಹೆಸರು, ಅಷ್ಟೆ.

"ಯಾಕಯ್ಯಾ ಈ ಹಟ?" ಎಂದು ಕೇಳಿದೆ.

"ಬೋಣಿ ಸಾ. ಆಂಡರ್ಸನ್‌ಪೇಟೆ ಅಂಗ್ಡಿ ಅವ್ವನ ಕೈ ಒಳ್ಳೇದು. ಮೊದಲ್ನೇ ಮೂಟೆ ಅಲ್ಲಿಳಿದ್ರೆ ದಿನ ನೆಟ್ಟಗೋಗ್ತದೆ. ಇಲ್ದಿದ್ರೆ ಒಂದೂರಲ್ಲಿ ಅಂಗ್ಡಿ ಬಾಗ್ಲಾಕಿರ್ತದೆ, ಇನ್ನೊಂದೂರಲ್ಲಿ ದಾರಿ ಅಗ್ದಿರ್ತಾರೆ."

"ಅದಕ್ಕೂ ಬೋಣಿಗೂ ಏನಯ್ಯಾ ಸಂಬಂಧ?"

"ನಂಗೇನ್ ಗೊತ್ತು ಸಾ? ಇಪ್ಪತ್ತು ವರ್ಸದಿಂದ ಇಂಗೇ ನಡೀತಾ ಐತೆ."

ಮಾರನೆಯ ದಿನ ವಿಜ್ಞಾನದ ಪ್ರತಿನಿಧಿಯಾಗಿ ನಾನೇ ಅವನ ಪಕ್ಕ ಕೂತೆ, ಫೋನನ್ನು ಮಡಿಲಲ್ಲಿಟ್ಟುಕೊಂಡು. ಯಂತ್ರ ಹೇಳಿದ ದಾರಿ ಬಿಟ್ಟು ಚಕ್ರ ಅಲುಗಕೂಡದೆಂದು ಅಪ್ಪಣೆ ಮಾಡಿದೆ. ಬೂದಿಕೋಟೆಯಲ್ಲಿ ಎಲ್ಲ ಸುಸೂತ್ರ. ಕಾಮಸಮುದ್ರದ ಅಂಗಡಿಗೆ ಬೀಗ. ಬಾಗಿಲು ಬಡಿದೆವು, ಫೋನು ಮಾಡಿದೆವು, ಬಿಸಿಲಿನಲ್ಲಿ ಒಂದು ಗಂಟೆ ನಿಂತೆವು. ಚಾಲಕ ತಲೆಗೆ ಹೊದ್ದುಕೊಳ್ಳಲೆಂದು ತನ್ನ ಟವೆಲನ್ನು ನನಗೆ ಕೊಟ್ಟ. ಆ ಟವೆಲು ನನಗೆ ಬೈಗುಳಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಅಲ್ಲಿನ ಮೂಟೆ ಇಳಿಸದೆ ಆಂಡರ್ಸನ್‌ಪೇಟೆಗೆ ಬಂದಾಗ ಅವ್ವ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಹಿಂಡಿ ಮಾರುವ ಜೊತೆಗೆ ಟೀ ಕೆಟಲನ್ನೂ ಇಟ್ಟವಳು. ಬೆಳಗಿನ ಬಸ್ಸಿನವರು, ಹಾಲಿನ ವ್ಯಾನಿನವರು ಅಲ್ಲಿ ಟೀ ಕುಡಿಯದೆ ಮುಂದೆ ಹೋಗುವುದಿಲ್ಲ.

"ಏನಪ್ಪಾ, ಇವತ್ತು ಮೆರವಣಿಗೆ ಅತ್ಲಾಗಿಂದ ಬತ್ತಾ ಐತೆ? ಕಾಮಸಮುದ್ರದಾಗೆ ಬೀಗಕ್ಕೆ ಕೈಮುಗ್ದು ಬಂದ್ರಾ?"

"ನಿಮಗೆ ಹೇಗೆ ಗೊತ್ತಾಯಿತು?" ಎಂದೆ.

"ಅಲ್ಲಿ ಅಂಗ್ಡಿಯೋನು ಮನೆಮಂದಿ ಸಮೇತ ಗೃಹಪ್ರವೇಶಕ್ಕೆ ಓಗವ್ನೆ. ಬಸ್ಸಿನೋರು ಟೀ ಕುಡೀತಾ ಯೋಳಿದ್ರು. ಬೆಳಿಗ್ಗೆ ಬಂದಿದ್ರೆ ನಿಮ್ಗೂ ಯೋಳ್ತಿರಲಿಲ್ವಾ?"

"ನಾ ಯೋಳ್ಲಿಲ್ವಾ ಸಾ," ಎಂದ ಚಾಲಕ, "ಅವ್ವನ ಕೈ ಒಳ್ಳೇದು ಅಂತ?"

ಕೈಯಲ್ಲ ಮಾರಾಯ, ಕಿವಿ, ಎಂದು ತಿದ್ದಲು ನಾನು ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಒಂದು ಸಾಗಾಣಿಕೆ ವ್ಯವಸ್ಥೆ ಇದ್ದೇ ಇತ್ತು. ಅದು ಕೆಟಲಿನಿಂದ ನಡೆಯುತ್ತಿತ್ತು ಎಂಬುದು ಅದರ ಉಸ್ತುವಾರಿ ಹೊತ್ತ ನನಗೇ ತಿಳಿದಿರಲಿಲ್ಲ.

ಯಂತ್ರದಲ್ಲಿ ಪ್ರತಿ ಅಂಗಡಿಗೂ, ಅವರು ಎಷ್ಟು ಹೊತ್ತಿಗೆ ಸರಕು ಇಳಿಸಿಕೊಳ್ಳುತ್ತಾರೆ ಎಂದು ಬರೆಯುವ ಜಾಗವಿದೆ. ನಾನು ಯಾರದ್ದನ್ನೂ ತುಂಬಿರಲಿಲ್ಲ. ಅವ್ವನನ್ನು ಕೇಳಿದೆ, "ಬೆಳಿಗ್ಗೆ ಏಳರೊಳಗೆ ಮಾತ್ರ ಅಂತ ಬರೀಲಾ?"

"ಬರ್ಕೋ. ಏಳರ ಮೇಲೆ ವ್ಯಾಪಾರದ ಹೊತ್ತು. ನಿಮ್ಮ ಮೂಟೆ ಗಿರಾಕಿಗೆ ಅಡ್ಡ. ಕೇಳಿದ್ರೆ ಅವತ್ತೇ ಯೋಳ್ತಿದ್ದೆ."

ಬರೆದೆ. ಯಂತ್ರ ಕ್ಷಣ ಯೋಚಿಸಿ, ಯಾವ ಅಭಿಮಾನವೂ ಇಲ್ಲದೆ ಇಡೀ ದಾರಿಯನ್ನು ತಿರುವಿ ಹಾಕಿ ಆಂಡರ್ಸನ್‌ಪೇಟೆಯನ್ನು ಪಟ್ಟಿಯ ತಲೆಯ ಮೇಲೆ ಕೂರಿಸಿತು. ಅಂಗಡಿ ಮುಚ್ಚಿದೆ ಎಂದು ತಿಳಿಸುವ ಒಂದು ಗುಂಡಿಯೂ ಇತ್ತು. ಅವ್ವನ ಸುದ್ದಿ ಕೇಳಿ ಚಾಲಕ ಅದನ್ನು ಒತ್ತಿದರೆ ಯಂತ್ರ ಆ ಊರು ಬಿಟ್ಟು ಬೇರೆ ದಾರಿ ಹಾಕುತ್ತದೆ, ಮುಂದಿನ ಅಂಗಡಿಗೂ ಹೊತ್ತು ತಿಳಿಸುತ್ತದೆ. ಅಷ್ಟು ಚುರುಕಾಗಿ ಒಪ್ಪಿಕೊಳ್ಳುವ ಗುಣ ನನಗಿದ್ದಿದ್ದರೆ ಎಷ್ಟೋ ಲಗ್ನಪತ್ರಿಕೆಗಳು ಉಳಿಯುತ್ತಿದ್ದವು.

ತಿಂಗಳ ಕೊನೆಗೆ ಚುಕ್ಕೆಗಳು ಹಸಿರಾದವು. "ನೋಡಿದ್ರಾ, ಯಂತ್ರ ಅವನನ್ನ ದಾರಿಗೆ ತಂತು" ಎಂದರು ಮಾಲೀಕರು. "ಹೌದು ಸ್ವಾಮಿ" ಎಂದೆ. ಆ ಎರಡು ಪದಗಳಲ್ಲಿ ನನಗೆ ದೀರ್ಘ ಅನುಭವವಿದೆ.

ಗಾಡಿ ಈಗಲೂ ಅವನದೇ. ಟವೆಲು ಅವನ ಹೆಗಲಿಗೆ ಮರಳಿದೆ. ಕಳೆದ ವಾರ ಕೆಲಸದ ನೆಪದಲ್ಲಿ ಅವನ ಜೊತೆ ಹೋಗಿದ್ದೆ. ಮೊದಲ ಮೂಟೆ ಇಳಿಸಿದವನೇ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ಚಾಚಿದ. ಸರಕು ತಲುಪಿತೆಂದು ಒತ್ತುವ ಗುಂಡಿಯ ಬೋಣಿಯೂ ದಿನಾ ಅವಳ ಕೈಯಿಂದಲೇ ಆಗಬೇಕಂತೆ.

ಅವ್ವ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು.

"ಆಯ್ತು, ಓಗು. ಬೂದಿಕೋಟೆ ದಾರೀಲಿ ಜಲ್ಲಿ ಸುರ್ದವ್ರಂತೆ, ನಿದಾನಕ್ಕೋಗ್ಲಾ."